ಅಣ್ಣನ ತಲೆಗೆ ಅಪ್ಪನ ಟೊಪ್ಪಿಗೆ

ಅಪ್ಪನ ತಲೆ ನನಗೆ ಅವನ ಮುಖಕ್ಕಿಂತ ಚೆನ್ನಾಗಿ ಗೊತ್ತಿತ್ತು. ಮುಖವನ್ನು ಊರೆಲ್ಲ ನೋಡುತ್ತಿತ್ತು. ಅವನ ಟೊಪ್ಪಿಗೆಯ ಒಳಭಾಗವನ್ನು ನೋಡುತ್ತಿದ್ದವನು ನಾನೊಬ್ಬನೇ. ಎಡಗಿವಿಯ ಮೇಲ್ಗಡೆ ಬೆವರು ಹೆಚ್ಚು, ಹಿಂದೆ ಕೊಬ್ಬರಿ ಎಣ್ಣೆಯ ಕಲೆ, ಒಳಗಿನ ಚರ್ಮದ ಪಟ್ಟಿಯ ಮೇಲೆ ಹಣೆಯ ಗೆರೆಗಳ ಅಚ್ಚು. ಹೊರಗೆ, ಮುಂಭಾಗದ ಬಲಕ್ಕೆ, ಹೆಬ್ಬೆರಳು ಕೂರುವಷ್ಟು ಒಂದು ತಗ್ಗು. ಯಾರಿಗಾದರೂ ಇಲ್ಲ ಅನ್ನಬೇಕಾದಾಗ ಅಪ್ಪ ಮೊದಲು ಅಲ್ಲಿ ಹೆಬ್ಬೆರಳು ಒತ್ತಿ ಟೊಪ್ಪಿಗೆಯನ್ನು ಚೂರು ಹಿಂದೆ ಸರಿಸುತ್ತಿದ್ದ, ಗಂಟಲು ಸರಿಮಾಡಿಕೊಳ್ಳುತ್ತಿದ್ದ, ಆಮೇಲೆ "ನೋಡ್ರಿ, ಹಂಗ ಆಗೂದಿಲ್ಲ" ಅನ್ನುತ್ತಿದ್ದ. ರೈತರ ಮಾಲು ಮಾರಿಸಿಕೊಡುವ ಹುಮನಾಬಾದಿನ ಅಡತ್ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಮುನೀಮನಾಗಿದ್ದವನಿಗೆ ಇಲ್ಲ ಅನ್ನುವ ಸಂದರ್ಭ ದಿನವೂ ಬರುತ್ತಿತ್ತು. ವರ್ಷಗಟ್ಟಲೆ ಇಲ್ಲ ಅಂದು ಅಂದು ಆ ತಗ್ಗು ಬಿದ್ದಿತ್ತು.

ಉಣ್ಣೆಯನ್ನು ನೇಯದೆ, ಹೆಣೆಯದೆ, ಬರೀ ಒತ್ತಿ ಒತ್ತಿ ಗಟ್ಟಿ ಮಾಡಿದ ಕರಿ ಟೊಪ್ಪಿಗೆ ಅದು. ನಮ್ಮ ಕಡೆ ಅಪ್ಪನ ವಯಸ್ಸಿನವರ ತಲೆಯ ಮೇಲೆ ಇನ್ನೂ ಅಲ್ಲೊಂದು ಇಲ್ಲೊಂದು ಕಾಣುತ್ತದೆ. ನನ್ನ ವಯಸ್ಸಿನವನು ಹಾಕಿಕೊಂಡರೆ ಯಾವ ನಾಟಕದವನಪ್ಪ ಇವನು ಅನ್ನುತ್ತಾರೆ. ಟೋಪಿ ಹಾಕುವುದರ ಬಗ್ಗೆ ನಿಮ್ಮ ನಾಲಿಗೆಯ ತುದಿಗೆ ಬಂದಿರುವ ತಮಾಷೆಯನ್ನು ನಮ್ಮೂರಿನವರು ಆಗಲೇ ಮಾಡಿ ಮುಗಿಸಿದ್ದಾರೆ, ಬಿಡಿ.

ಆ ಟೊಪ್ಪಿಗೆ ನನ್ನ ಕೈಗೆ ಬಂದದ್ದು ಒಂದು ಮಳೆಯಿಂದ, ಆ ತಗ್ಗು ಬೀಳುವುದಕ್ಕೂ ಎಷ್ಟೋ ವರ್ಷ ಮೊದಲು. ಅಪ್ಪ ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ತೊಯ್ದು, ಕಲ್ಯಾಣದ ಬಸ್ಸು ಹತ್ತಿ, ಡ್ರೈವರನ ಪಕ್ಕದಲ್ಲಿ ಕೂತಿದ್ದಾನೆ. ಹಳೇ ಬಸ್ಸು; ಎಂಜಿನ್ನಿನ ಮುಚ್ಚಳ ಹೆಂಚಿನ ಹಾಗೆ ಕಾದಿರುತ್ತದೆ. ಇವನು ಅದರ ಮೇಲೆ ಹಸಿ ಟೊಪ್ಪಿಗೆಯನ್ನು ಒಣಗಲು ಇಟ್ಟು, ನಿದ್ದೆ ಹೋಗಿದ್ದಾನೆ. ನಮ್ಮೂರು ಬಸವಕಲ್ಯಾಣದಲ್ಲಿ ಎಚ್ಚರವಾಗುವಷ್ಟರಲ್ಲಿ ಟೊಪ್ಪಿಗೆ ಒಣಗಿತ್ತು, ಆದರೆ ಅದು ಕುಗ್ಗಿ ಯಾವುದೋ ಮಗುವಿನ ಅಳತೆಗೆ ಬಂದಿತ್ತು.

ಊರ ಕೋಟೆಯ ಕಡೆ ಟೊಪ್ಪಿಗೆ ಮಾಡುತ್ತಿದ್ದ ಒಬ್ಬ ಚಾಚಾ ಇದ್ದರು. ಒಯ್ದು ತೋರಿಸಿದೆ. ತಟ್ಟಿ ನೋಡಿ, "ಅರೇ, ಟೋಪಿ ಹೈ ರೇ, ಪಾಪಡ್ ನೈ" ಅಂದು ನನ್ನ ಮೇಲೆಯೇ ಸಿಟ್ಟಾದರು, ನಾನೇ ಅದನ್ನು ಹಪ್ಪಳದಂತೆ ಹುರಿದು ತಂದ ಹಾಗೆ. ಅವರಾಗಲೇ ಅಂಗಡಿ ಮುಚ್ಚುವವರಿದ್ದರು. ಎರಡು ಹೋಳಿನ ಕಟ್ಟಿಗೆ ಅಚ್ಚೊಂದನ್ನು ನನ್ನ ಕೈಗಿಟ್ಟು, ಇನ್ನು ನೀನೇ ಮಾಡಿಕೋ ಅಂದರು. ಉಗಿ ಕೊಟ್ಟರೆ ಉಣ್ಣೆ ಮೆತ್ತಗಾಗುತ್ತದೆ. ಆಗ ಅಚ್ಚಿಗೆ ಹಾಕಿ, ಹೋಳುಗಳ ನಡುವೆ ಬೆಣೆ ಬಡಿದರೆ ಟೊಪ್ಪಿಗೆ ಹಿಗ್ಗುತ್ತದೆ. ಒಣಗಿದ ಮೇಲೆ ಕೊಟ್ಟ ಆಕಾರದಲ್ಲೇ ನಿಲ್ಲುತ್ತದೆ.

ಉಳಿದದ್ದನ್ನು ಕೆಡಿಸಿ ಕೆಡಿಸಿ ಕಲಿತೆ. ಎಣ್ಣೆ ಜಿಡ್ಡಿಗೆ ಒಣ ಜೋಳದ ಹಿಟ್ಟು ಉದುರಿಸಿ, ಅದು ಹೀರಿಕೊಂಡ ಮೇಲೆ ಒಂದೇ ದಿಕ್ಕಿಗೆ ಬ್ರಷ್ ಎಳೆಯಬೇಕು. ತೊಯ್ದರೆ ಒಳಗೆ ಹಳೇ ಪೇಪರು ತುಂಬಿ ನೆರಳಲ್ಲಿ ಇಡಬೇಕು. ಮಳೆಗಾಲಕ್ಕೆ ಮುಂಚೆ, ಬಡಿಗರು ಬಾಗಿಲಿಗೆ ಹಚ್ಚುವ ಚಪಡಾ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಒಳಗಿನಿಂದ ತೆಳ್ಳಗೆ ಬಳಿಯಬೇಕು. ಹೊರಗೆ ಬಳಿದರೆ ಟೊಪ್ಪಿಗೆ ಬೂಟ್ ಪಾಲಿಶ್ ಡಬ್ಬಿಯ ಹಾಗೆ ಹೊಳೆಯುತ್ತದೆ. ಒಮ್ಮೆ ಹಾಗೆ ಹೊಳೆಸಿಯೂ ಇದ್ದೆ. ಅಪ್ಪ ಅದನ್ನೇ ಹಾಕಿಕೊಂಡು ಅಂಗಡಿಗೆ ಹೋದ. "ನನ್ನ ತಲಿಯೊಳಗ ಮುಖ ನೋಡ್ಕೊಂಡು ಮಂದಿ ಮೀಸಿ ತಿದ್ದಾಕತ್ತಾರ" ಅಂದ ಬಂದು.

ಟೊಪ್ಪಿಗೆ ರಿಪೇರಿಯಾದ ಮೇಲೆ ಸರಿಯಾಯಿತೇ ಎಂದು ನನ್ನ ತಲೆಗೇ ಹಾಕಿ ನೋಡುತ್ತಿದ್ದೆ. ನನ್ನದೂ ಅಪ್ಪನದೂ ಒಂದೇ ಅಳತೆ. ಹಾಕಿಕೊಂಡ ಕೂಡಲೇ ಹೆಬ್ಬೆರಳು ತಾನಾಗಿ ಆ ತಗ್ಗಿಗೆ ಹೋಗುತ್ತಿತ್ತು, ಗಂಟಲು ತಾನಾಗಿ ಅಪ್ಪನದಾಗುತ್ತಿತ್ತು. ನಕಲು ಮಾಡುವುದರಲ್ಲಿ ನಾನು ಯಾರನ್ನೂ ಬಿಟ್ಟವನಲ್ಲ. ಕಂಡಕ್ಟರನ ಮೂಗಿನ ದನಿ, ಪ್ರತಿ ಮಾತಿಗೂ "ನಾ ಏನ್ ಹೇಳ್ತೀನಂದ್ರ" ಅನ್ನುವ ಸೋದರಮಾವ, ಎಲ್ಲರೂ ನನ್ನ ಬಾಯಲ್ಲಿ ಬಾಡಿಗೆಗೆ ಇದ್ದರು. ನಿನ್ನ ಸ್ವಂತ ದನಿ ಯಾವುದು ಅಂತ ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕಾಗುತ್ತದೆ. ಆದರೆ ನನ್ನ ಹೆಸರುವಾಸಿ ಐಟಂ ಅಂದರೆ ಅಪ್ಪ. ಮದುವೆ, ತೊಟ್ಟಿಲು, ಏನೇ ಇರಲಿ, ಊಟವಾದ ಮೇಲೆ ಯಾರಾದರೂ "ಏ, ನಿಮ್ಮಪ್ಪನ್ನ ಮಾಡೋ" ಅನ್ನುತ್ತಿದ್ದರು. ನಾನು ಅಪ್ಪನ ತಲೆಯಿಂದಲೇ ಟೊಪ್ಪಿಗೆ ಎತ್ತಿ ಹಾಕಿಕೊಂಡು "ನೋಡ್ರಿ, ಹಂಗ ಆಗೂದಿಲ್ಲ" ಅಂದರೆ ಶಾಮಿಯಾನಾ ಅಲುಗುತ್ತಿತ್ತು. ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವನು, ಬೋಳುತಲೆ ಸವರಿಕೊಳ್ಳುತ್ತ ಕೂತಿರುತ್ತಿದ್ದ ಅಪ್ಪನೇ.

ಕಳೆದ ಬೇಸಿಗೆಯಲ್ಲಿ ಅಪ್ಪ ತೀರಿಕೊಂಡ.

ದಿನದ ಕಾರ್ಯ ಮುಗಿದ ಮೇಲೆ ಸೋದರಮಾವ ಗಂಡುಮಕ್ಕಳ ತಲೆಗೆ ಟೊಪ್ಪಿಗೆ ಇಡುವ ಪದ್ಧತಿ ನಮ್ಮಲ್ಲಿದೆ. ಅಲ್ಲಿಯವರೆಗೆ ಬರಿದಲೆ. ಮಾಮಾ ಅಣ್ಣನಿಗೊಂದು ನನಗೊಂದು ಹೊಸ ಬಿಳಿ ಟೊಪ್ಪಿಗೆ ತಂದಿದ್ದರು. ಕಾರ್ಯದ ಹಿಂದಿನ ದಿನ ಅವ್ವ, ಒಬ್ಬನಿಗಾದರೂ ಅವರದೇ ಇಡಿ, ಮನೆಯಲ್ಲಿ ಆ ಟೊಪ್ಪಿಗೆ ಓಡಾಡಲಿ ಅಂದಳು. ಯಾರಿಗೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಅಣ್ಣನಿಗೆ ಹುಮನಾಬಾದಿನಲ್ಲಿ ಗೊಬ್ಬರದ ಅಂಗಡಿ ಇದೆ, ಹಿರಿತನವಿದೆ, ಮನೆಯ ಪರವಾಗಿ ಆಡುವ ಮಾತೂ ಅವನದೇ. ನನಗೆ ಟೊಪ್ಪಿಗೆಯೊಂದು ಸಾಕಿತ್ತು.

"ಕರೇದು ನನಗ ಇಡ್ರಿ ಮಾಮಾ," ಅಂದೆ. "ಅಣ್ಣಗ ಹೊಸಾದು ಇಡ್ರಿ. ಅಂವನ ತಲಿಗಿ ಇದು ಬರೂದೂ ಇಲ್ಲ."

ಮಾಮಾ ನೆಲ ನೋಡಿದರು. "ನಾ ಏನ್ ಹೇಳ್ತೀನಂದ್ರ... ನೀ ಹಾಕ್ಕೊಂಡ್ರ ಮಂದಿ ನಗ್ತಾರಪ್ಪ."

"ಯಾಕ ನಗ್ತಾರ್ರಿ?"

"ಯಾಕಂತ ನೀನ ಕೇಳಾಕತ್ತೀಯಲ್ಲ! ಆ ಟೊಪ್ಪಿಗಿ ನಿನ್ನ ತಲಿ ಮ್ಯಾಲ ಬಂತಂದ್ರ ನಗೂದು ಮಂದಿಗಿ ರೂಢಿ ಆಗ್ಯಾದ. ನಾನೂ ಹೊಟ್ಟಿ ಹಿಡ್ಕೊಂಡು ನಕ್ಕೀನಿ. ನಾಳಿ ಫೋಟೊದ ಮುಂದ ಯಾರರ ಒಬ್ಬ ಕಿಸಕ್ ಅಂದ್ರ ಹ್ಯಾಂಗ?"

"ನಾ ಬಾಯೇ ತೆರಿಯಂಗಿಲ್ರಿ. ಸುಮ್ಮ ಕುಂದರತೀನಿ."

"ನೀ ಸುಮ್ಮ ಕುಂತ್ರ ಇನ್ನೂ ಹೆಚ್ಚು ನಗ್ತಾರ. ನೋಡು, ಸುಮ್ಮ ಕುಂದ್ರೂದೂ ಥೇಟ್ ಅವರಪ್ಪನಂಗ ಮಾಡಾಕತ್ತಾನ ಅಂತಾರ."

ಅವ್ವನ ಕಡೆ ನೋಡಿದೆ. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. "ಮಾಮಾ ಖರೇನ ಹೇಳಾಕತ್ತಾನ, ಮಗಾ."

ನನ್ನ ದುಃಖವೂ ನಕಲಿನ ಹಾಗೆ ಕಾಣುತ್ತದೆ ಎಂದು ಮನೆಯವರೇ ತೀರ್ಮಾನಿಸಿದ ಮೇಲೆ ಅತ್ತು ತೋರಿಸುವುದಾದರೂ ಹೇಗೆ? ಅತ್ತರೆ, ಯಾರನ್ನು ಮಾಡುತ್ತಿದ್ದಾನೆ ಎಂದು ಕೇಳುತ್ತಾರೆ.

ಅಷ್ಟರಲ್ಲಿ ಅಣ್ಣ ಟೊಪ್ಪಿಗೆಯನ್ನು ತಲೆಗಿಟ್ಟುಕೊಂಡು ನೋಡಿದ. ಅವನದು ಅವ್ವನ ತವರಿನ ತಲೆ, ಅಗಲ, ಮಾಮಾನದೂ ಅದೇ. ಟೊಪ್ಪಿಗೆ ಮಡಕೆಯ ಮೇಲಿಟ್ಟ ಬಟ್ಟಲಿನಂತೆ ಕೂತಿತು. ಅಣ್ಣ ತೆಗೆದು, ಸಂಕೋಚದಿಂದಲೇ, ನನ್ನ ಮುಂದೆ ಹಿಡಿದ.

"ನಾಳಿಗಿ ಒಂಚೂರು ದೊಡ್ಡದ ಮಾಡಾಕ ಬರ್ತದೇನು? ನಿನ್ನ ಬಿಟ್ರ ಯಾರಿಗಿ ಬರ್ತದ?"

ಬರುವುದಿಲ್ಲ ಅನ್ನಬಹುದಿತ್ತು. ಹೆಬ್ಬೆರಳು ಎತ್ತಿ, ಗಂಟಲು ಸರಿಮಾಡಿಕೊಂಡು, ನೋಡ್ರಿ ಹಂಗ ಆಗೂದಿಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಅಂದಿದ್ದರೆ ನಗುತ್ತಿದ್ದರು.

ಹಿತ್ತಲಲ್ಲಿ ಚಹಾದ ಪಾತ್ರೆಯಲ್ಲಿ ನೀರು ಕುದಿಸಿದೆ. ಹಿಗ್ಗಿಸುವುದು ಕಷ್ಟವೇನಲ್ಲ. ಆದರೆ ಉಗಿಗೆ, ಇದು ಹಿಗ್ಗಬೇಕಾದದ್ದು ಇದು ಕಾಪಾಡಬೇಕಾದದ್ದು ಎಂಬ ಭೇದವಿಲ್ಲ. ಹಣೆಯ ಕಡೆಯಷ್ಟೇ ಉಗಿ ತಪ್ಪಿಸಿ ನೋಡಿದೆ, ತಗ್ಗಿನ ಮೇಲೆ ಮಡಿಚಿದ ಬಟ್ಟೆ ಒತ್ತಿ ಹಿಡಿದೆ. ಅಣ್ಣನ ತಲೆ ಅದಕ್ಕೆ ಒಪ್ಪಲಿಲ್ಲ; ಅಗಲ ಬೇಕಾಗಿದ್ದದ್ದೇ ಅಲ್ಲಿ. ಕೊನೆಗೆ ಇಡೀ ಟೊಪ್ಪಿಗೆಯನ್ನು ಉಗಿಗೆ ಹಿಡಿದು ಬೆಣೆ ಬಡಿದೆ. ಒಳಗಿನ ಅರಗು ಸಡಿಲಾಯಿತು, ಉಣ್ಣೆ ಉಬ್ಬಿತು. ಅಪ್ಪ ಅಷ್ಟು ವರ್ಷ ಇಲ್ಲ ಅಂದದ್ದೆಲ್ಲ ನನ್ನ ಕಣ್ಣೆದುರೇ ಸಪಾಟಾಯಿತು. ಒಲೆಯ ಮೇಲೆ ಹಾಲು ಉಕ್ಕುವುದನ್ನು ನೋಡುತ್ತ ನಿಂತ ಹಾಗೆ ನಿಂತಿದ್ದೆ.

ಟೊಪ್ಪಿಗೆ ಇನ್ನೂ ಬಿಸಿಯಿತ್ತು. ಹೆಬ್ಬೆರಳು ಎಂದಿನಂತೆ ತಾನಾಗಿ ಮುಂದೆ ಹೋಯಿತು. ಬಲಕ್ಕೆ, ಸ್ವಲ್ಪ ಓರೆಯಾಗಿ, ಉಗುರಿನ ಕಡೆ ಹೆಚ್ಚು ಭಾರ ಹಾಕಿ ಒತ್ತಿ ಹಿಡಿದೆ. ಸುಟ್ಟಿತು. ತಣ್ಣಗಾಗುವವರೆಗೆ ತೆಗೆಯಲಿಲ್ಲ. ಒಳಗೆ ಹೊಸದಾಗಿ ಒಂದು ಕೈ ಚಪಡಾ ಬಳಿದು ನೆರಳಿಗಿಟ್ಟೆ.

ಮರುದಿನ ಮಾಮಾ ಅದನ್ನು ಅಣ್ಣನ ತಲೆಗಿಟ್ಟರು. ನನಗೆ ಬಿಳಿಯದು. ಯಾರೂ ನಗಲಿಲ್ಲ. ದುಬಲಗುಂಡಿಯಿಂದ ಬಂದಿದ್ದ ನೆಂಟರೊಬ್ಬರು ಕಣ್ಣೊರೆಸಿಕೊಂಡು, "ನೋಡ್ರಿ, ಅವರ ಹೆಬ್ಬಟ್ಟಿನ ಗುರುತು ಹಂಗ ಉಳದಾದ" ಅಂದರು. ಅವ್ವ ಎದ್ದು ಬಂದು, ಅಣ್ಣನ ಹಣೆಯ ಮೇಲಿನ ಆ ತಗ್ಗಿನಲ್ಲಿ ತನ್ನ ಬೆರಳಿಟ್ಟು, ಅಷ್ಟು ದಿನ ಅಳದವಳು ಅತ್ತಳು. ಅಣ್ಣನೂ ಅತ್ತ. ನಾನು ಬಿಳಿ ಟೊಪ್ಪಿಗೆಯೊಳಗೆ ಬೆವರುತ್ತ ಕೂತಿದ್ದೆ. ಇಷ್ಟು ವರ್ಷಗಳಲ್ಲಿ ಅಪ್ಪನನ್ನು ನಾನು ಅಷ್ಟು ಚೆನ್ನಾಗಿ ಮಾಡಿದ್ದು ಅದೇ ಮೊದಲು. ನೋಡಿದವರೆಲ್ಲ ಅಣ್ಣನನ್ನು ತಬ್ಬಿಕೊಂಡರು.

ಮಳೆ ಶುರುವಾದ ಮೇಲೆ ಅಣ್ಣ ಒಂದು ಸಂಜೆ ಹುಮನಾಬಾದಿನಿಂದ ಗಾಡಿಯ ಮೇಲೆ ತೊಯ್ದುಕೊಂಡೇ ಬಂದ. ಪ್ಲಾಸ್ಟಿಕ್ ಚೀಲದಿಂದ ಟೊಪ್ಪಿಗೆ ತೆಗೆದು ಕಟ್ಟೆಯ ಮೇಲಿಟ್ಟ. ಸತ್ತ ಕಾಗೆಯಂತೆ ಬಿದ್ದುಕೊಂಡಿತು.

"ಎಂಜಿನ್ ಮ್ಯಾಲ ಒಣಗಿಸಿದೇನು?"

"ಚೇಷ್ಟಿ ಬಿಡಲೇ. ಅಂಗಡ್ಯಾಗ ಹೀಟರ್ ಮುಂದ ಇಟ್ಟಿದ್ದೆ." ಅದರ ಮುಂಭಾಗವನ್ನು ಬೆರಳಿನಿಂದ ಸವರಿದ. "ಅಪ್ಪನ ಹೆಬ್ಬಟ್ಟಿನ ಗುರುತು ಹೋಗಿಬಿಟ್ಟದಲೋ. ಅವ್ವಗ ಹ್ಯಾಂಗ ತೋರಿಸ್ಲಿ? ಅಷ್ಟರ ಮತ್ತ ಬರೂವಂಗ ಮಾಡಾಕ ಆಗ್ತದೇನು?"

ಹೇಳಿಬಿಡಬಹುದಿತ್ತು. ಅವನು ಅಂಗಡಿಯಲ್ಲಿ ದಿನವೂ ಹೆಬ್ಬೆರಳಿಡುತ್ತಿದ್ದದ್ದು ಯಾರ ಹೆಬ್ಬೆರಳಿನ ತಗ್ಗಿನಲ್ಲಿ ಎಂದು. ಒಂದೇ ವಾಕ್ಯ ಸಾಕಿತ್ತು, ಅದೂ ನನ್ನ ಸ್ವಂತ ದನಿಯಲ್ಲಿ.

"ಆಗ್ತದ. ಇಟ್ಟು ಹೋಗು, ನಾಳಿ ಬಾ" ಅಂದೆ.

ಮರುದಿನ ಬಂದು ಹಾಕಿಕೊಂಡು ಕನ್ನಡಿಯ ಮುಂದೆ ನಿಂತ. ತಗ್ಗಿನಲ್ಲಿ ಹೆಬ್ಬೆರಳಿಟ್ಟು, ಟೊಪ್ಪಿಗೆಯನ್ನು ಚೂರು ಹಿಂದೆ ಸರಿಸಿದ. ಸರಿಸಿದ್ದು ಹೆಚ್ಚಾಯಿತು, ಗಂಟಲೂ ಸರಿಯಿರಲಿಲ್ಲ.

"ಅಪ್ಪನಂಗ ಕಾಣಾಕತ್ತೇನೇನು?"

"ಹೂಂ," ಅಂದೆ. ಹೆಬ್ಬೆರಳಿಗೆ ಚಪಡಾ ಅಂಟಿಕೊಂಡಿತ್ತು. ಸ್ಪಿರಿಟ್ ಹಚ್ಚಿ ಒರೆಸಿಕೊಳ್ಳತೊಡಗಿದೆ.