ಹನ್ನೆರಡು ಕೂಗು, ಒಂದು ಕೆಮ್ಮು

ಇಂಥ ಅನುಭವಗಳನ್ನು ಯಾರಾದರೂ ಹೇಳಿದರೆ ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ: "ನೀವು ಹಿಂದಿನ ದಿನ ಸರಿಯಾಗಿ ಊಟ ಮಾಡಿದ್ದಿರಾ?" ಹೊಟ್ಟೆ ಖಾಲಿ ಇದ್ದವರಿಗೂ ನಿದ್ದೆಗೆಟ್ಟವರಿಗೂ ಇಲ್ಲದ್ದೆಲ್ಲ ಕಾಣುತ್ತದೆ, ಕೇಳುತ್ತದೆ ಎಂದು ನಾನು ನಂಬಿದ್ದೆ. ಕಾನ್ವೆಂಟಿನಲ್ಲಿ ನಮಗೆ ವಿಜ್ಞಾನ ಕಲಿಸುತ್ತಿದ್ದ ಸಿಸ್ಟರ್, ದೇವರೊಬ್ಬನನ್ನು ಬಿಟ್ಟು ಕಣ್ಣಿಗೆ ಕಾಣದ ಬೇರೆ ಯಾವುದನ್ನೂ ನಂಬಲು ಬಿಟ್ಟವರಲ್ಲ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ನಾನು ಬರೆಯಹೊರಟ ಬೆಳಗಿನ ಹಿಂದಿನ ಸಂಜೆ ಎರಡು ಸಲ ಹಾಕಿಸಿಕೊಂಡು ಉಂಡಿದ್ದೆ, ಎಂಟು ಗಂಟೆ ಚೆನ್ನಾಗಿ ನಿದ್ದೆ ಮಾಡಿದ್ದೆ.

ನಾವಿರುವುದು ಅಬು ಹಲೀಫಾದ ಒಂದು ಫ್ಲ್ಯಾಟಿನಲ್ಲಿ. ನನ್ನ ಗಂಡ ಸ್ಟ್ಯಾನಿಗೆ ಮೀನಾ ಅಬ್ದುಲ್ಲಾದ ಒಂದು ಕಂಪೆನಿಯ ಸ್ಟೋರ್ಸಿನಲ್ಲಿ ಕೆಲಸ. ಮಗಳು ಅನೀಶಾಗೆ ಆಗ ಎಂಟು ವರ್ಷ. ಅವಳಿಗೆ ಹುಟ್ಟಿನಿಂದಲೇ ಉಬ್ಬಸ. ಧೂಳು, ತಣ್ಣನೆ ಗಾಳಿ, ಹೆದರಿಕೆ, ಈ ಮೂರರಲ್ಲಿ ಒಂದಿದ್ದರೂ ಸಾಕು, ಎದೆ ಸೀಟಿ ಹೊಡೆಯಲು ತೊಡಗುತ್ತದೆ. ನನ್ನ ಹ್ಯಾಂಡ್‌ಬ್ಯಾಗಿನಲ್ಲಿ ಲಿಪ್‌ಸ್ಟಿಕ್ ಇಲ್ಲದಿರಬಹುದು, ಅವಳ ನೀಲಿ ಇನ್‌ಹೇಲರ್ ಇರಲೇಬೇಕು.

ಸ್ಟ್ಯಾನಿಯ ಮ್ಯಾನೇಜರ್ ಕುವೈತಿ. ದೊಡ್ಡ ಮಗನ ಹೆಸರು ಹಿಡಿದು ಎಲ್ಲರೂ ಅವರನ್ನು ಬು ಫಹಾದ್ ಎನ್ನುತ್ತಾರೆ. ಚಳಿಗಾಲವಿಡೀ ಅವರ ಕುಟುಂಬ ಮರಳುಗಾಡಿನಲ್ಲಿ ಗುಡಾರ ಹಾಕಿಕೊಂಡಿರುತ್ತದೆ. "ಒಂದು ಸಲ ಮಗುವನ್ನು ಕರೆದುಕೊಂಡು ಬನ್ನಿ" ಎಂದು ವರ್ಷವರ್ಷವೂ ಕರೆಯುತ್ತಿದ್ದರು. ಮಗುವಿನ ಧೂಳಿನ ನೆಪ ಹೇಳಿ ನಾನು ತಪ್ಪಿಸಿಕೊಳ್ಳುತ್ತಿದ್ದೆ. ಆ ವರ್ಷ ಗುಡಾರ ಕೀಳುವ ಕೊನೆಯ ವಾರ, ಮಾರ್ಚ್‌ನಲ್ಲಿ, ಇನ್ನು ಬೇಡ ಎಂದರೆ ಮರ್ಯಾದೆಯಲ್ಲ ಎಂದು ಹೋದೆವು. ಅವರ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಅಡುಗೆ ಮಾಡುವ ಸುಧಾಕರಣ್ಣ ನಮ್ಮ ಕಾರ್ಕಳ ಕಡೆಯವರು. ಕಾರಿನಿಂದ ಇಳಿಯುವಾಗಲೇ "ಬನ್ನಿ ಪೊರ್ಬುಗಳೇ, ಬನ್ನಿ ಬಾಯಮ್ಮ, ಇಲ್ಲಿ ಕನ್ನಡ ಮಾತಾಡದೆ ನನ್ನ ನಾಲಿಗೆ ದಪ್ಪ ಆಗಿದೆ ಮಾರ್ರೆ" ಎಂದರು. ನಮ್ಮ ಕಡೆ ಕ್ರೈಸ್ತ ಗಂಡಸರನ್ನು ಪೊರ್ಬು, ಹೆಂಗಸರನ್ನು ಬಾಯಮ್ಮ ಎನ್ನುತ್ತಾರೆ; ಊರು ಬಿಟ್ಟ ಮೇಲೆ ನನ್ನನ್ನು ಹಾಗೆ ಕರೆದವರು ಯಾರೂ ಇರಲಿಲ್ಲ. ಅಲ್ಲಿಗೆ ನನ್ನ ಅರ್ಧ ಸಂಕೋಚ ಹೋಯಿತು.

ಸಂಜೆಯ ಚಹಾಕ್ಕೆ ಎಲ್ಲರೂ ಕೆಂಡದ ಒಲೆಯ ಸುತ್ತ ಕೂತೆವು. ಬು ಫಹಾದ್ ಅವರ ಹೆಂಡತಿ ನನ್ನ ಪಕ್ಕದಲ್ಲಿ ಕೂತು ಅರಬಿ ಮಾತನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಎದುರಿಗೆ ಅವರ ಮನೆಯ ಹಿರಿಯ, ಹಾಜಿ ಎಂದು ಎಲ್ಲರೂ ಕರೆಯುವ ಚಿಕ್ಕಪ್ಪ. ಅವರ ಗಡ್ಡಕ್ಕೆ ಮದರಂಗಿ ಹಚ್ಚಿತ್ತು, ಬಲ ಭುಜ ಎಡಭುಜಕ್ಕಿಂತ ಸ್ವಲ್ಪ ಕೆಳಗಿತ್ತು. ಅರವತ್ತು ವರ್ಷ ಕೋವಿ ಹೊತ್ತ ಭುಜವಂತೆ. ಅವರ ಪಕ್ಕದಲ್ಲಿ ಮಿಶಾರಿ, ಬು ಫಹಾದರ ಕೊನೆಯ ತಮ್ಮ. ಹೊಸ ಬಂದೂಕು, ಹೊಸ ಕನ್ನಡಕ, ಹೊಸ ಬೂಟು.

ಬೇಟೆಗಾರರು ಸೇರಿದರೆ ಕಾನೂನಿನ ಮಾತು ಬರದೆ ಇರುತ್ತದೆಯೇ?

"ನನ್ನ ಅಪ್ಪನ ಕಾಲದಲ್ಲಿ ಹುಬಾರಾ ಹಕ್ಕಿ ಇಲ್ಲೇ ಓಡಾಡುತ್ತಿತ್ತು" ಎಂದರು ಬು ಫಹಾದ್. "ಈಗ ಅದನ್ನು ಬೇಟೆಯಾಡಬೇಕಾದರೆ ಅನುಮತಿ ತೆಗೆದುಕೊಂಡು ಬೇರೆ ದೇಶಕ್ಕೆ ಹೋಗಬೇಕು. ಈ ನಿಯಮ ನನಗೆ ಇಷ್ಟವಿಲ್ಲ. ಆದರೆ ನಿಯಮ ಇಲ್ಲದಿದ್ದರೆ ಈ ಮಿಶಾರಿ ಗುಬ್ಬಚ್ಚಿಯನ್ನೂ ಬಿಡುವವನಲ್ಲ."

"ನಾನೊಬ್ಬ ಬಿಟ್ಟರೆ ಪಕ್ಕದ ಕ್ಯಾಂಪಿನವನು ಹೊಡೆಯುತ್ತಾನೆ" ಎಂದ ಮಿಶಾರಿ. "ಹಕ್ಕಿಗೆ ಎರಡೂ ಒಂದೇ ಅಲ್ಲವಾ?"

"ನಿನಗೆ ಎರಡೂ ಒಂದೇ" ಎಂದರು ಹಾಜಿ. "ನಮ್ಮ ಕೋವಿಯಲ್ಲಿ ಒಂದೇ ಗುಂಡು ಇರುತ್ತಿತ್ತು. ಅದು ತಪ್ಪಿದರೆ ಹಕ್ಕಿ ಗೆದ್ದಿತು ಎಂದು ಲೆಕ್ಕ. ನಿನ್ನದರಲ್ಲಿ ಹಕ್ಕಿ ಗೆಲ್ಲುವುದು ಯಾವಾಗ?"

ಮಿಶಾರಿ ನಕ್ಕು ಎದ್ದುಹೋಗಿ ಒಂದು ಪೆಟ್ಟಿಗೆ ತಂದ. ಟಿಫಿನ್ ಡಬ್ಬಿಯಷ್ಟು ದೊಡ್ಡದು, ಮುಂದೆ ಸಣ್ಣ ಸ್ಪೀಕರ್. ಹಕ್ಕಿಯ ಕೂಗನ್ನು ನುಡಿಸುವ ಯಂತ್ರ. ವಲಸೆ ಹೋಗುವ ಲಾವಕ್ಕಿಗಳು ತಮ್ಮವರೇ ಕರೆಯುತ್ತಿದ್ದಾರೆ ಎಂದು ಇಳಿದು ಬರುತ್ತವೆ, ಕೋವಿ ಹಿಡಿದವನು ಅದರ ಪಕ್ಕದಲ್ಲೇ ಕೂತಿರುತ್ತಾನೆ. ಇಲ್ಲಿ ಅದನ್ನು ಇಡುವುದು ನಿಷಿದ್ಧ ಎಂದು ಬು ಫಹಾದರ ಹೆಂಡತಿ ನನ್ನ ಕಿವಿಯಲ್ಲಿ ಹೇಳಿದರು. ಮಿಶಾರಿ ಗುಂಡಿ ಒತ್ತಿದ. ಪಿಟ್-ಪಿಳಿಟ್, ಪಿಟ್-ಪಿಳಿಟ್. ಅನೀಶಾ ಹತ್ತಿರ ಹೋಗಿ ಕಿವಿಗೊಟ್ಟು ಕೂತಳು. ಸ್ವಲ್ಪ ಹೊತ್ತಿನಲ್ಲಿ ಕೈ ಎತ್ತಿ, ಶಾಲೆಯಲ್ಲಿ ಉತ್ತರ ಹೇಳುವ ಹಾಗೆ, "ಮಮ್ಮಿ, ಟ್ವೆಲ್ವ್ ಟೈಮ್ಸ್ ಬರ್ಡ್, ಆಮೇಲೆ ಒಬ್ಬ ಅಂಕಲ್ ಕೆಮ್ಮುತ್ತಾರೆ" ಎಂದಳು.

ನಿಜ. ಎಲ್ಲಿಯೋ ಯಾರೋ ಹಕ್ಕಿಯ ಕೂಗನ್ನು ಧ್ವನಿಮುದ್ರಿಸುವಾಗ ಅವರ ಸಣ್ಣ ಕೆಮ್ಮೂ ಅದರಲ್ಲಿ ಸೇರಿಕೊಂಡಿತ್ತು. ಹನ್ನೆರಡು ಕೂಗು, ಒಂದು ಕೆಮ್ಮು, ಮತ್ತೆ ಹನ್ನೆರಡು. ಯಾರ ಕೆಮ್ಮೆಂದು ಮಿಶಾರಿಗೂ ಗೊತ್ತಿರಲಿಲ್ಲ. ಎಲ್ಲರೂ ನಕ್ಕರು, ಹಾಜಿ ಮಾತ್ರ ನಗಲಿಲ್ಲ. ಪೆಟ್ಟಿಗೆ ಎಳೆದುಕೊಂಡು, ಹಿಂದಿನ ಮುಚ್ಚಳ ತೆಗೆದು, ಸೋಪಿನಷ್ಟು ದೊಡ್ಡ ಬ್ಯಾಟರಿಯನ್ನು ಕಿತ್ತು ತಮ್ಮ ನಿಲುವಂಗಿಯ ಜೇಬಿಗೆ ಹಾಕಿಕೊಂಡರು. ಜೇಬು ಜೋತುಬಿತ್ತು.

"ಸರಕಾರ ಬೇಡ ಎಂದದ್ದಕ್ಕಲ್ಲ" ಎಂದರು. "ದಾರಿಯಲ್ಲಿ ಹೋಗುವವನನ್ನು ಅವನ ಅಣ್ಣನ ದನಿಯಲ್ಲಿ ಕರೆದು, ಬಾಗಿಲಲ್ಲಿ ನಿಂತು ಕೊಲ್ಲುವುದು ಬೇಟೆಯಲ್ಲ. ಖಲಾಸ್."

ಮಾತು ಬದಲಿಸಲಿಕ್ಕೆಂದು ಸ್ಟ್ಯಾನಿ, ತಮ್ಮ ಕೆಲಸದ ಜಾಗದ ಅರಬಿಯಲ್ಲಿ, ನನ್ನ ಅಪ್ಪನ ಕತೆ ತೆಗೆದರು. ಬೆಳ್ತಂಗಡಿ ಕಡೆಯ ನಮ್ಮ ಮನೆಯಲ್ಲಿ ಅಪ್ಪನಿಗೆ ಬೆಳೆ ಕಾಯಲು ಲೈಸೆನ್ಸಿನ ಕೋವಿಯೊಂದಿತ್ತು. ಚುನಾವಣೆ ಬಂತೆಂದರೆ ಅದನ್ನು ಪೊಲೀಸ್ ಠಾಣೆಯಲ್ಲಿ ಇಟ್ಟುಬರಬೇಕು. "ಆ ಸುದ್ದಿ ಹಂದಿಗಳಿಗೆ ನಮಗಿಂತ ಮೊದಲು ಗೊತ್ತಾಗುತ್ತದೆ. ಫಲಿತಾಂಶ ಬರುವ ತನಕ ಗದ್ದೆಯಲ್ಲಿ ಅವುಗಳದ್ದೇ ಸರಕಾರ" ಎಂದು ಹೇಳಿ ಮುಗಿಸಿದ ಮೇಲೆಯೇ ಅವರಿಗೆ ತಾನು ಯಾವ ಪ್ರಾಣಿಯ ಹೆಸರು ಎತ್ತಿದೆ ಎಂಬುದು ಹೊಳೆದದ್ದು. ಸುಧಾಕರಣ್ಣ ಚಹಾದ ಕೆಟಲನ್ನು ಒರೆಸಿದ್ದೇ ಒರೆಸಿದ್ದು.

ಹಾಜಿ ಗಂಭೀರವಾಗಿ ಕೇಳಿದರು: "ಹೊಡೆದ ಮೇಲೆ ಅದನ್ನು ಏನು ಮಾಡುತ್ತಿದ್ದಿರಿ?"

ಸ್ಟ್ಯಾನಿ ನನ್ನ ಮುಖ ನೋಡಿದರು. ಸುಳ್ಳು ಹೇಳಬಾರದೆಂದು ಕಲಿತ ನಾನು ನನ್ನ ಬಳೆ ನೋಡಿಕೊಂಡೆ. ಹಾಜಿ ಜೋರಾಗಿ ನಕ್ಕುಬಿಟ್ಟರು. "ಬೇಡ, ಹೇಳಬೇಡ. ಅದು ನಿನಗೂ ನಿನ್ನ ದೇವರಿಗೂ ಇರುವ ಮಾತು. ಚಹಾ ಕುಡಿ."

ಹಾಗೆ ಆ ಸಂಜೆ ಮುಗಿಯಿತು, ರಾತ್ರಿ ನಮಗೆಂದು ಬಿಟ್ಟುಕೊಟ್ಟ ಗುಡಾರದಲ್ಲಿ ಮಲಗಿದೆವು.

ಬೆಳಿಗ್ಗೆ ನಾನೂ ಅನೀಶಾಳೂ ಬೇಗ ಎದ್ದೆವು. ಹೊತ್ತು ಆಗಷ್ಟೇ ಮೂಡುತ್ತಿತ್ತು. ಮರಳಿನಲ್ಲಿ ಹಳದಿ ಹೂ ಅರಳಿರುತ್ತದೆ, ಬೆಳಿಗ್ಗೆ ನೋಡಬೇಕು ಎಂದು ಬು ಫಹಾದರ ಹೆಂಡತಿ ಅವಳಿಗೆ ಆಸೆ ಹಚ್ಚಿದ್ದರು. ಚಹಾ ಕಾಯಿಸುತ್ತಿದ್ದ ಸುಧಾಕರಣ್ಣನನ್ನು ಕೇಳಿದೆ.

"ಸಮುದ್ರದ ಬದಿಗೆ ಸ್ವಲ್ಪ ಹೋದರೆ ಉಂಟು ಬಾಯಮ್ಮ" ಎಂದರು. "ಸಮುದ್ರ ಇಲ್ಲಿಗೆ ಕಾಣುವುದಿಲ್ಲ, ಆದರೆ ಬದಿ ಅದೇ. ವಾಪಸ್ ಬರುವಾಗ ಸಮುದ್ರಕ್ಕೆ ಬೆನ್ನು ಹಾಕಿ ಸೀದಾ ಬನ್ನಿ. ದೂರ ಹೋಗ್ಬೇಡಿ ಆಯ್ತಾ?"

ಐದು ನಿಮಿಷಕ್ಕೆಂದು ಹೊರಟವರು. ಹ್ಯಾಂಡ್‌ಬ್ಯಾಗು ಗುಡಾರದ ಕಂಬಕ್ಕೆ ನೇತಾಡುತ್ತಿತ್ತು. ಅದನ್ನು ನೋಡಿಯೂ ತೆಗೆದುಕೊಳ್ಳಲಿಲ್ಲ.

ಹೂ ಸಿಕ್ಕಿತು. ಗುಂಡುಸೂಜಿಯ ತಲೆಯಂಥ ಮೊಗ್ಗು, ಕೆಳಗೆ ಬೆಳ್ಳಿ ಬಣ್ಣದ ರೋಮದ ಎಲೆ. ಬಗ್ಗಿ ನೋಡಿ, ಅನೀಶಾಗೆ ಒಂದು ಕಿತ್ತುಕೊಟ್ಟು ತಲೆ ಎತ್ತುವಷ್ಟರಲ್ಲಿ ಮಂಜು ಬಂದಿತ್ತು. ಬಂದಿತ್ತು ಎಂದರೆ ಸಾಲದು. ಯಾರೋ ಬಿಳಿ ಬೆಡ್‌ಶೀಟು ಹೊದೆಸಿದ ಹಾಗೆ ಗುಡಾರ, ಕಾರು, ಸುಧಾಕರಣ್ಣನ ಒಲೆಯ ಹೊಗೆ ಎಲ್ಲವೂ ಒಂದೇ ಸಲಕ್ಕೆ ಇಲ್ಲವಾದವು. ಕೂಗಿದೆ. ನನ್ನ ದನಿ ನನ್ನ ಬಾಯಿಯ ಎದುರೇ ಬಿದ್ದುಹೋಯಿತು.

ಹೆದರಲಿಲ್ಲ. ಸಮುದ್ರಕ್ಕೆ ಬೆನ್ನು ಹಾಕಬೇಕು, ಅಷ್ಟೇ. ಮಂಜಿನ ಒಂದು ಕಡೆ ಮಾತ್ರ ಮಾಸಲು ಬೆಳಕಿತ್ತು. ಆ ಬೆಳಕಿಗೆ ಮುಖ ಮಾಡಿ, ಮಗಳ ಕೈ ಹಿಡಿದು ನಡೆದೆ.

ನಮ್ಮ ಕರಾವಳಿಯವರಿಗೆ ನನ್ನ ತಪ್ಪು ಇನ್ನೂ ಹೊಳೆದಿರಲಿಕ್ಕಿಲ್ಲ. ಸಮುದ್ರ ಎಂದರೆ ನಮಗೆ ಹೊತ್ತು ಮುಳುಗುವ ಕಡೆ. ಸಮುದ್ರಕ್ಕೆ ಬೆನ್ನು ಹಾಕಿದರೆ ಮುಖ ಸೂರ್ಯನಿಗೆ. ಇದನ್ನು ಯಾರೂ ಕಲಿಸುವುದಿಲ್ಲ, ಅದು ಮೈಯಲ್ಲೇ ಇರುತ್ತದೆ. ಆದರೆ ಕುವೈತಿನಲ್ಲಿ ಸೂರ್ಯ ಹುಟ್ಟುವುದೇ ಸಮುದ್ರದಿಂದ. ಹತ್ತು ವರ್ಷ ಅಬು ಹಲೀಫಾದ ಅಡುಗೆಮನೆಯ ಕಿಟಕಿಯಿಂದ ದಿನಾ ನೋಡಿದ್ದೇನೆ. ಅದು ನೆನಪಾದದ್ದು ಕಾಲು ಗಂಟೆ ನಡೆದ ಮೇಲೆ. ಹೆಜ್ಜೆ ಹೆಜ್ಜೆಗೂ ನಾನು ಮಗುವನ್ನು ಗುಡಾರದಿಂದ ದೂರ ಒಯ್ಯುತ್ತಿದ್ದೆ. ತಿರುಗಿ ನಡೆಯೋಣವೆಂದರೆ ಅಷ್ಟರಲ್ಲಿ ಬೆಳಕು ಎಲ್ಲ ಕಡೆಯೂ ಒಂದೇ ಸಮವಾಗಿತ್ತು. ನಮ್ಮ ಹೆಜ್ಜೆಗುರುತು ಹುಡುಕಿದರೆ ಅಲ್ಲಿ ನೆಲ ಗಟ್ಟಿ, ಬರೀ ಸಣ್ಣ ಕಲ್ಲು.

ಆಗ ಅನೀಶಾಳ ಎದೆ ಸೀಟಿ ಹಾಕಿತು. ಅವಳು ಅಳಲಿಲ್ಲ, ಅತ್ತರೆ ಉಸಿರು ಸಾಲುವುದಿಲ್ಲ ಎಂದು ಅವಳಿಗೆ ಗೊತ್ತು. "ಮಮ್ಮಿ, ಇನ್‌ಹೇಲರ್" ಎಂದಳು. ನಾನು ಖಾಲಿ ಕೈ ತೋರಿಸಿದೆ. ಆ ಗಳಿಗೆಯನ್ನು ಬರೆಯುವುದು ಇಂದಿಗೂ ಕಷ್ಟ. ಅವಳ ಭುಜಗಳು ಮೇಲೆ ಕೆಳಗೆ ಆಡುತ್ತಿದ್ದವು. ತುಟಿಯ ಸುತ್ತ ಬಣ್ಣ ಬದಲಾಗುತ್ತಿತ್ತು. ಅವಳನ್ನು ಸೊಂಟಕ್ಕೆ ಎತ್ತಿಕೊಂಡು, ನಿಂತಲ್ಲೇ "ನಮೋ ಮರಿಯೆ" ಹೇಳತೊಡಗಿದೆ. ಅರ್ಧಕ್ಕೆ ಮರೆತುಹೋಯಿತು.

ಪಿಟ್-ಪಿಳಿಟ್.

ಬೆನ್ನ ಹಿಂದಿನಿಂದ. ಪಿಟ್-ಪಿಳಿಟ್, ಪಿಟ್-ಪಿಳಿಟ್. ಮೊದಲು ಸಂತೋಷವಾಯಿತು, ಮರುಕ್ಷಣವೇ ಮೈ ತಣ್ಣಗಾಯಿತು. ಮಿಶಾರಿ! ಮಂಜಿನಲ್ಲಿ ಯಾರಿಗೂ ಕಾಣುವುದಿಲ್ಲವೆಂದು ಹೇಗೋ ಬ್ಯಾಟರಿ ಕದ್ದು ಪೆಟ್ಟಿಗೆ ಹಚ್ಚಿ, ಕೋವಿ ಹಿಡಿದು ಕೂತಿದ್ದಾನೆ. ಆ ಕೂಗಿನ ಹತ್ತಿರ ಏನು ಅಲ್ಲಾಡಿದರೂ ಹೊಡೆಯುತ್ತಾನೆ. ಹಕ್ಕಿಗಳು ಹೋಗುವ ದಾರಿಯಲ್ಲೇ ನಾನು ಮಗುವನ್ನು ಎತ್ತಿಕೊಂಡು ಹೋಗಬೇಕು. ಹೋಗದಿದ್ದರೆ? ಅವಳ ಉಸಿರು ನನ್ನ ಕಿವಿಯ ಪಕ್ಕದಲ್ಲೇ ಇತ್ತು. ಹೋದೆ. "ಮಿಶಾರಿ, ಡೋಂಟ್ ಶೂಟ್, ಡೋಂಟ್ ಶೂಟ್" ಎಂದು ಕೂಗುತ್ತಲೇ ಓಡಿದೆ.

ಹೆಗಲಿಗೆ ಒರಗಿದ್ದ ಅನೀಶಾ ಎಣಿಸುತ್ತಿದ್ದಳು. ದನಿ ಇಲ್ಲ, ಬೆರಳಿನಿಂದ ನನ್ನ ಕುತ್ತಿಗೆಗೆ ಒತ್ತುತ್ತಿದ್ದಳು. ಹನ್ನೆರಡಾದ ಮೇಲೆ ಕೆಮ್ಮು ಕೇಳಿಸಿತು. ಅದೇ ಸಣ್ಣ ಕೆಮ್ಮು. ಮತ್ತೆ ಹನ್ನೆರಡು. ನಾನು ಸ್ವಲ್ಪ ಓರೆಯಾಗಿ ಹೋದರೆ ಸದ್ದು ಆ ಕಿವಿಯಿಂದ ಈ ಕಿವಿಗೆ ಬರುತ್ತಿತ್ತು, ಸರಿಮಾಡಿಕೊಳ್ಳುತ್ತಿದ್ದೆ. ಎಷ್ಟು ಸಲ ಆ ಕೆಮ್ಮು ಕೇಳಿದೆನೋ ಲೆಕ್ಕವಿಲ್ಲ. ಕೊನೆಗೆ ಕಾಲಿಗೆ ಏನೋ ತಾಗಿ ಮುಗ್ಗರಿಸಿದೆ, ಕೈಗೆ ಹಗ್ಗ ಸಿಕ್ಕಿತು. ನಮ್ಮದೇ ಗುಡಾರದ ಹಗ್ಗ. ಹಿಡಿದ ಕೂಡಲೇ ಕೂಗು ನಿಂತಿತು.

ಒಳಗೆ ನುಗ್ಗಿ ಬ್ಯಾಗು ಸುರುವಿ ಇನ್‌ಹೇಲರ್ ಅವಳ ಬಾಯಿಗಿಟ್ಟೆ. ಒಂದು ಸಲ, ಎರಡು ಸಲ. ಸ್ಟ್ಯಾನಿ ಎದ್ದು ಕೂತು "ಎಂತ ಆಯ್ತು? ಎಂತ ಆಯ್ತು?" ಎನ್ನುತ್ತಿದ್ದರು. ಅವಳ ಭುಜಗಳು ನಿಧಾನವಾಗಿ ಇಳಿದವು, ಕೆನ್ನೆಗೆ ಬಣ್ಣ ಬಂತು. ಅವಳು ಮುಷ್ಟಿ ಬಿಚ್ಚಿದಳು. ಹಳದಿ ಹೂ ಅಲ್ಲೇ ಇತ್ತು. ನನಗೆ ಆಗ ಅಳು ಬಂತು, ನಗುವೂ ಬಂತು. ಆ ನೆಮ್ಮದಿಗೆ ಸಮನಾದದ್ದನ್ನು ನಾನು ಬೇರೆ ಕಂಡಿಲ್ಲ, ಅವಳು ಹುಟ್ಟಿದ ದಿನವೂ ಇಲ್ಲ.

ಸ್ವಲ್ಪ ಸುಧಾರಿಸಿಕೊಂಡು ಹೊರಗೆ ಬಂದು ಮಿಶಾರಿಗೆ ಥ್ಯಾಂಕ್ಸ್ ಹೇಳಬೇಕೆಂದೆ.

"ಮಿಶಾರಿ ಎಲ್ಲಿ?" ಎಂದೆ.

"ಅವ ಎದ್ದಿಲ್ಲ ಬಾಯಮ್ಮ, ಗೊರಕೆ ಕೇಳುದಿಲ್ವಾ?" ಎಂದರು ಸುಧಾಕರಣ್ಣ.

"ಮತ್ತೆ ಆ ಪೆಟ್ಟಿಗೆ ಹಚ್ಚಿದವರು ಯಾರು? ಇಷ್ಟು ಹೊತ್ತು ಕೂಗ್ತಾ ಇತ್ತಲ್ಲ."

ಅವರು ನನ್ನನ್ನು ನೋಡಿದ ರೀತಿ, ನಾನು ಹಿಂದೆ ಇಂಥ ಕತೆ ಹೇಳುವವರನ್ನು ನೋಡುತ್ತಿದ್ದ ರೀತಿಯೇ. "ನಾನು ಇಲ್ಲೇ ಇದ್ದೆ ಬಾಯಮ್ಮ. ಎಂತದ್ದೂ ಕೂಗಲಿಲ್ಲ."

ಒಲೆಯ ಆಚೆ ಹಾಜಿ ಚಹಾದ ಲೋಟ ಹಿಡಿದು ಕೂತಿದ್ದರು. ಸ್ಟ್ಯಾನಿ ಅವರಿಗೆ ಅರಬಿಯಲ್ಲಿ ಎಲ್ಲ ಹೇಳಿದರು. ಹಾಜಿ ಜೋತುಬಿದ್ದ ಜೇಬಿಗೆ ಕೈ ಹಾಕಿ ಬ್ಯಾಟರಿ ತೆಗೆದು ಅಂಗೈಯಲ್ಲಿ ತೋರಿಸಿದರು. ಪೆಟ್ಟಿಗೆ ಹಿಂದಿನ ಸಂಜೆ ಇಟ್ಟಲ್ಲೇ, ಚಪ್ಪಲಿಗಳ ಪಕ್ಕದಲ್ಲಿ, ಮುಚ್ಚಳ ತೆರೆದು ಬಿದ್ದಿತ್ತು. ಒಳಗೆ ಇಬ್ಬನಿ ಕೂತಿತ್ತು. ಮಿಶಾರಿಯ ಬಂದೂಕು ಬು ಫಹಾದರ ಕಾರಿನಲ್ಲಿ, ಬೀಗದ ಕೈ ಅವರ ದಿಂಬಿನ ಕೆಳಗೆ.

ಹಾಜಿ ಅನೀಶಾಳನ್ನು ಹತ್ತಿರ ಕರೆದು ಕೇಳಿದರು: "ಎಷ್ಟು?"

"ಟ್ವೆಲ್ವ್. ಆಮೇಲೆ ಅಂಕಲ್ ಕೆಮ್ಮಿದರು."

ಅವರು ಬ್ಯಾಟರಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದು ಕರೆದಾಗ ಬಂದವರು ಯಾರೂ ಇಷ್ಟು ದಿನ ಜೀವಂತ ಹಿಂತಿರುಗಿರಲಿಲ್ಲ" ಎಂದು ಮೆಲ್ಲಗೆ ಹೇಳಿ, ಅದನ್ನು ಮತ್ತೆ ಜೇಬಿಗೆ ಹಾಕಿಕೊಂಡರು. ಕಣ್ಣುಜ್ಜಿಕೊಳ್ಳುತ್ತ ಹೊರಬಂದ ಮಿಶಾರಿ ವಿಷಯ ಕೇಳಿ ನಿಂತೇಬಿಟ್ಟ. ಆ ದಿನ ನಾವು ಹೊರಡುವ ತನಕ ಅವನು ಬ್ಯಾಟರಿ ವಾಪಸು ಕೇಳಲಿಲ್ಲ.

ನಾನು ಯೋಚಿಸದ ಕಾರಣವಿಲ್ಲ. ಪಕ್ಕದ ಕ್ಯಾಂಪಿನವರದ್ದೇ? ಅವರು ಎರಡು ದಿನ ಮೊದಲೇ ಗುಡಾರ ಕಿತ್ತು ಹೋಗಿದ್ದರು. ನಿಜವಾದ ಹಕ್ಕಿಯೇ? ಹಕ್ಕಿ ಮನುಷ್ಯನಂತೆ ಕೆಮ್ಮುವುದಿಲ್ಲ. ಹೆದರಿಕೆಯಲ್ಲಿ ನನ್ನ ತಲೆಯೇ ಹುಟ್ಟಿಸಿಕೊಂಡ ಸದ್ದೇ? ಹಾಗಾದರೆ ಮಗಳ ಬೆರಳು ನನ್ನ ಕುತ್ತಿಗೆಯ ಮೇಲೆ ಅದೇ ಲೆಕ್ಕ ಹೇಗೆ ಹಾಕಿತು? ಸ್ಟ್ಯಾನಿ ಒಂದಷ್ಟು ದಿನ "ಯಂತ್ರದ ಒಳಗೆ ಸ್ವಲ್ಪ ಕರೆಂಟ್ ಉಳಿದಿರ್ತದೆ" ಎಂದು ಹೇಳುತ್ತಿದ್ದರು. "ಉಳಿದರೆ ಸುಧಾಕರಣ್ಣನಿಗೆ ಯಾಕೆ ಕೇಳಲಿಲ್ಲ?" ಎಂದು ಕೇಳಿದೆ. ಅಲ್ಲಿಗೆ ಅವರೂ ಬಿಟ್ಟರು. ಕುವೈತಿನ ನಮ್ಮ ಚರ್ಚಿನ ಫಾದರ್ ಕೇಳಿ, ಕನ್ನಡಕ ಒರೆಸಿ, "ಕೃತಜ್ಞತೆ ಹೇಳಿ, ವಿವರಣೆ ಕೇಳಬೇಡಿ" ಎಂದರು. ಕೃತಜ್ಞತೆ ದಿನಾ ಹೇಳುತ್ತೇನೆ. ವಿವರಣೆಯ ಆಸೆ ಮಾತ್ರ ಹೋಗಿಲ್ಲ.

ಅನೀಶಾ ಈಗ ನನ್ನಷ್ಟೇ ಎತ್ತರ. ಉಬ್ಬಸ ಕಡಿಮೆಯಾಗಿದೆ, ಧೂಳಿನ ದಿನಗಳಲ್ಲಿ ಮಾತ್ರ ಕಾಡುತ್ತದೆ. ಆಗ ಇನ್‌ಹೇಲರ್ ಎಳೆದುಕೊಂಡು ಅಡುಗೆಮನೆಯ ಕಿಟಕಿಯ ಬಳಿ, ಸೂರ್ಯ ಸಮುದ್ರದಿಂದ ಹುಟ್ಟುವ ಕಡೆಗೆ ಮುಖ ಮಾಡಿ ಕೂತು ಉಸಿರು ಎಣಿಸುತ್ತಾಳೆ. ನಾನು ಒಲೆ ಸಣ್ಣ ಮಾಡಿ ಪಕ್ಕದಲ್ಲಿ ಕೂರುತ್ತೇನೆ. ಹನ್ನೆರಡಕ್ಕೆ ಅವಳು ನಿಲ್ಲಿಸುತ್ತಾಳೆ. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಒಂದು ಕೆಮ್ಮು ಹಿಡಿಸುವಷ್ಟು ಹೊತ್ತು ಸುಮ್ಮನೆ ಕಿವಿಗೊಟ್ಟು ಕಾಯುತ್ತೇವೆ. ಆಮೇಲೆ ಅವಳು ಮತ್ತೆ ಒಂದರಿಂದ ಶುರುಮಾಡುತ್ತಾಳೆ.