ನಿಮ್ಮ ದನಿಯಲ್ಲಿ ನಾನಾಡಿದ ಮಾತು

ನರಸಿಂಹಪ್ಪ ಸರ್, ಆ ಶುಕ್ರವಾರ ಫೋನಿನಲ್ಲಿ ಒಪ್ಪಿಗೆ ಕೊಟ್ಟದ್ದು ನೀವಲ್ಲ. ನಾನು. ನಿಮಗೆ ಮರೆವು ಬಂದಿಲ್ಲ — ಎರಡು ವರ್ಷದಿಂದ ಈ ಒಂದು ಮಾತನ್ನು ನುಂಗಿಕೊಂಡು ಕೂತಿದ್ದೇನೆ.

ಮಧುಗಿರಿ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ನಮ್ಮ ಪುಟ್ಟ ಆಫೀಸಿನಲ್ಲಿ ನಾನು ಯಾರ ದನಿಯನ್ನೂ ಬಿಟ್ಟವನಲ್ಲ. ತೆಲುಗು ಬೆರೆಸಿ ಬೈಯುವ ಪಾವಗಡ ಬಸ್ಸಿನ ಕಂಡಕ್ಟರು, ಹುಡುಗಿಯರೆದುರು ತೊದಲುವ ನಾನು — ಎಲ್ಲರನ್ನೂ ಆಡಿ ತೋರಿಸುತ್ತಿದ್ದೆ. ನೀವೆಂದರೆ ಹೆಚ್ಚಿನ ಹುರುಪು. ಎರಡು ಸಲ ಗಂಟಲು ಸರಿಮಾಡಿಕೊಂಡು ‘ನೋಡಪ್ಪಾ’ ಎಂದು ಎಳೆದರೆ ಸಾಕಿತ್ತು. ‘ಲೇ, ನನ್ಗಿಂತ ನೀನೇ ಚೆನ್ನಾಗ್ ನಾನಾಗ್ತೀಯ ಕಣ್ಲಾ’ ಎಂದು ನಗುತ್ತಿದ್ದಿರಿ. ಆ ನಗುವನ್ನೇ ನಾನು ಅಪ್ಪಣೆ ಎಂದುಕೊಂಡೆ — ಇಲ್ಲ, ಅದೂ ಸುಳ್ಳು. ನಾನು ಏನನ್ನೂ ಅಂದುಕೊಳ್ಳಲಿಲ್ಲ.

ನೀವು ವಯಸ್ಸಿನಲ್ಲಿದ್ದಾಗ ಕೋಬಾಲ್ ಎಂಬ ಹಳೇ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪಿಂಚಣಿ ಪ್ರೋಗ್ರಾಂ ಹಳೇ ಮೇನ್‌ಫ್ರೇಮ್ ಯಂತ್ರದಲ್ಲಿ ಇನ್ನೂ ಓಡುತ್ತಿತ್ತು. ಅದನ್ನು ತಾನೇ ಹೊಸ ಭಾಷೆಗೆ ತಿರುಗಿಸುವ ಸಾಫ್ಟ್‌ವೇರ್ ನಮ್ಮ ಬಳಿಯಿತ್ತು. ಅದೂ ನನ್ನ ಹಾಗೇ, ಅರ್ಥ ತಿಳಿಯದೆ ಅನುಕರಿಸುವುದರಲ್ಲಿ ನಿಸ್ಸೀಮ. ಪರೀಕ್ಷೆ ನನ್ನ ಪಾಲಿನ ಕೆಲಸ. ಒಂದೇ ವಿವರವನ್ನು ಹಳೆಯದಕ್ಕೂ ಹೊಸದಕ್ಕೂ ಕೊಡುವುದು. ಉತ್ತರ ಬೇರೆಯಾದಲ್ಲಿ ಪರದೆಯ ಮೇಲೆ ಕೆಂಪು ಸಾಲು ಮೂಡುತ್ತಿತ್ತು, ಆಗ ನಿಮ್ಮನ್ನು ಕೇಳುವುದು. ಅದಕ್ಕೆಂದೇ ನಿಮ್ಮನ್ನು ನಿವೃತ್ತಿಯ ಮೇಲೂ ಕರೆಸಿಕೊಂಡಿದ್ದರು.

ಆ ಸಂಜೆ ಕೆಲವು ಕೆಂಪು ಸಾಲುಗಳು ಉಳಿದಿದ್ದವು. ಎಲ್ಲದರಲ್ಲೂ ಹುಟ್ಟಿದ ದಿನ, ತಿಂಗಳು ಸೊನ್ನೆ. ಹಳೆಯ ಪ್ರೋಗ್ರಾಂ ಅವರಿಗೆ ಪಿಂಚಣಿ ಕೊಡುತ್ತಿತ್ತು, ಹೊಸದು ಕೈಬಿಡುತ್ತಿತ್ತು. ನೀವು ನಿಮ್ಮೂರು ಕೊಡಿಗೇನಹಳ್ಳಿಯ ಬಸ್ಸು ಹತ್ತಿಯಾಗಿತ್ತು, ಫೋನ್ ಸಿಗಲಿಲ್ಲ. ನನಗೆ ಸಿರಾದಲ್ಲಿ ಗೆಳೆಯನ ಆರತಕ್ಷತೆ. ಆ ಸಾಲುಗಳನ್ನು ಬಿಡಬಹುದೋ ಇಲ್ಲವೋ ನಿಮ್ಮ ಬಾಯಿಂದಲೇ ಕೇಳಬೇಕೆಂದು ಬೆಂಗಳೂರಿನ ಮ್ಯಾನೇಜರ್ ಫೋನಿನಲ್ಲಿ ಹಟ ಹಿಡಿದರು. ‘ಇಲ್ಲೇ ಇದ್ದಾರೆ, ಕೊಡ್ತೀನಿ ಸರ್,’ ಎಂದೆ. ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದೆ. ಎರಡು ಸಲ ಗಂಟಲು ಸರಿಮಾಡಿಕೊಂಡೆ.

‘ನೋಡಪ್ಪಾ, ಅವು ಕಸ. ಹುಟ್ಟಿದ್ ದಿನಾನೇ ಇಲ್ದಿದ್ಮೇಲೆ ಆಸಾಮಿ ಎಲ್ಲಿ? ಬುಟ್ಬುಡಿ.’

ಅವು ಕಸವಲ್ಲ. ಹುಟ್ಟಿದ ದಿನವನ್ನು ಯಾರೂ ಬರೆದಿಡದಿದ್ದ ಕಾಲದ ಅಜ್ಜ ಅಜ್ಜಿಯರು. ನಮ್ಮಜ್ಜಿಗೂ ತನ್ನ ಹುಟ್ಟಿದ ದಿನ ಗೊತ್ತಿರಲಿಲ್ಲ — ನನಗೆ ಹೊಳೆಯಬೇಕಿತ್ತು. ಮುಂದಿನ ತಿಂಗಳು ಅವರ ಪಿಂಚಣಿ ನಿಂತಿತು. ಮ್ಯಾನೇಜರ್ ಖುದ್ದು ಬಂದು, ಫೋನಿನಲ್ಲಿ ಹಾಗೆ ಹೇಳಿದ್ದೇಕೆಂದು ನಿಮ್ಮನ್ನು ಎಲ್ಲರೆದುರು ಕೇಳಿದರು. ನಾನಂದಿಲ್ಲ ಎನ್ನುತ್ತೀರೆಂದು ಕಾದೆ. ಅಂದಿದ್ದರೆ ಒಪ್ಪಿಕೊಳ್ಳುತ್ತಿದ್ದೆನೇನೋ — ಗೊತ್ತಿಲ್ಲ. ನೀವು ನನ್ನತ್ತ ತಿರುಗಿದಿರಿ.

‘ನಾನ್ ಅಂಗಂದಿದ್ದು ನೀನೂ ಕೇಳುಸ್ಕಂಡ್ಯಾ, ಮಗ?’

‘ಹೂಂ ಸರ್.’

ಫೋನಿನಲ್ಲಿ ಆಡಿದ್ದು ತುಂಟತನ ಎಂದಾದರೂ ಹೇಳಿಕೊಳ್ಳಬಹುದಿತ್ತು. ಇದನ್ನು ನನ್ನ ದನಿಯಲ್ಲೇ ಹೇಳಿದೆ, ನಿಮ್ಮ ಮುಖ ನೋಡಿಕೊಂಡು. ‘ಅಂಗಾದ್ರೆ ಅಂದಿದೀನಿ ಬುಡು’ ಎಂದಿರಿ. ನಿಮ್ಮ ತಲೆಗಿಂತ ನನ್ನ ಮಾತನ್ನು ನಂಬಿದಿರಿ.

ಪ್ರೋಗ್ರಾಂ ಸರಿಹೋಯಿತು, ತಪ್ಪಿದ ಪಿಂಚಣಿಯೂ ಸಂದಿತು. ನೀವು ಮಾತ್ರ ಬರುವುದನ್ನು ನಿಲ್ಲಿಸಿದಿರಿ. ನಾನು ಒಂದು ಫೋನೂ ಮಾಡಲಿಲ್ಲ.

ಮೊನ್ನೆ ಮಧುಗಿರಿ ಸಂತೆಯಲ್ಲಿ ನಾನು ಅಮ್ಮ ಎಂದು ಕರೆಯುವ ನಿಮ್ಮ ಹೆಂಡತಿ ಸಿಕ್ಕಿದ್ದರು. ಗ್ಯಾಸ್ ಆರಿಸಿದೆನಾ, ಮಾತ್ರೆ ನುಂಗಿದೆನಾ ಎಂದು ಅವರನ್ನು ಮತ್ತೆ ಮತ್ತೆ ಕೇಳುತ್ತೀರಂತೆ. ನೋಡಿದರೆ ಎಲ್ಲ ಮಾಡಿಯೇ ಇರುತ್ತೀರಂತೆ. ಸೋಮವಾರ ತುಮಕೂರಿನಲ್ಲಿ ಮರೆವಿನ ಡಾಕ್ಟರಿಗೆ ತೋರಿಸುವುದಂತೆ. ‘ಆಫೀಸ್ನಾಗೆ ಮರ್ತ್ರಲ್ಲ, ಅವತ್ತಿಂದ ಅವ್ರಿಗ್ ಅವ್ರ ಮ್ಯಾಲೇ ನಂಬ್ಕೆ ಇಲ್ಲ ಕಣಪ್ಪ,’ ಎಂದವರು, ಚೀಲ ಕೆಳಗಿಟ್ಟು, ‘ಒಂದ್ಸಲ ಅವ್ರಂಗ್ ಮಾತಾಡು, ಮೊದ್ಲಿನಂಗೆ. ನಕ್ಕು ಎಷ್ಟ್ ದಿನ ಆಯ್ತೋ’ ಎಂದರು.

ಬಾಯಿ ತೆರೆದೆ. ಶೀತ, ದನಿ ಕೂತಿದೆ ಎಂದೆ. ಅದೂ ಸುಳ್ಳೇ.

ಇದನ್ನು ಅಂಚೆಗೆ ಹಾಕುವುದಿಲ್ಲ. ಹಾಳೆಯ ಹಿಂದೆ ಅಡಗುವುದೂ ನನಗೆ ಸಲೀಸು. ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ಅಮ್ಮನೆದುರೇ ಹೇಳುತ್ತೇನೆ. ಆಮೇಲೆ ಮ್ಯಾನೇಜರಿಗೂ. ಕ್ಷಮಿಸಿ ಎಂದು ಕೇಳುವಷ್ಟು ಮುಖ ನನಗಿಲ್ಲ. ನೀವು ಬಾಗಿಲು ತೆರೆದಾಗ ಗಂಟಲು ಸರಿಮಾಡಿಕೊಳ್ಳುವುದಿಲ್ಲ ಸರ್. ಹೇಗೆ ಬರುತ್ತದೋ ಹಾಗೇ, ತೊದಲಿಕೊಂಡೇ ಹೇಳುತ್ತೇನೆ.