ಮಿಸ್ಸಿಗೆ ಓದಿ ಹೇಳಿದ ದೆವ್ವಗಳು

ಸುಟ್ಟ ಹಲಸಿನ ಬೀಜದ ವಾಸನೆ ಬಂದರೆ ಲೋಕದ ಜನಕ್ಕೆ ಅಜ್ಜಿ ಮನೆ ನೆನಪಾಗುತ್ತದಂತೆ. ನನಗೆ ದೆವ್ವ ನೆನಪಾಗುತ್ತದೆ. ಹೋದ ವಾರ ಗುಬ್ಬಿಯ ನಮ್ಮ ಆಫೀಸಿನಲ್ಲಿ ಯಾರೋ ಟಿಫನ್ ಡಬ್ಬಿ ತೆರೆದರು. ವಾಸನೆ ಫೈಲುಗಳ ಮೇಲೆಲ್ಲ ಹರಡಿತು, ನಾನು ಪೆನ್ನು ಕೆಳಗಿಟ್ಟೆ. ಎದುರು ಮನೆಯ ಮಿಸ್ ಬಂದು ಪಕ್ಕದ ಕುರ್ಚಿಯಲ್ಲಿ ಕೂತಂತಾಯಿತು...

ಅವರು ಕುಣಿಗಲ್ಲಿನ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಮಾಡಿ, ನಿವೃತ್ತರಾಗಿ, ತುಮಕೂರಿನ ಸದಾಶಿವನಗರದಲ್ಲಿ ನಮ್ಮ ಎದುರಿಗೆ ಮನೆ ಮಾಡಿದ್ದರು. ಮದುವೆಯಾಗಿರಲಿಲ್ಲ. ಸೋಮವಾರ ಒಪ್ಪೊತ್ತು, ದಿನಾ ಬಾಗಿಲಿಗೆ ರಂಗೋಲಿ, ಹಣೆಯಲ್ಲಿ ಕಾಸಿನಗಲ ಕುಂಕುಮ. ಇಂಥವರ ಮನೆಯಿಂದ ಭಾನುವಾರ ಮಧ್ಯಾಹ್ನ ಪರದೇಶದ ಹೆಂಗಸೊಬ್ಬಳು ಕಿರುಚುವ ಸದ್ದು ಕೇಳಿಸುತ್ತಿತ್ತು. ಬೀದಿಯವರು ಮೊದಮೊದಲು ಅದನ್ನು ಧಾರಾವಾಹಿ ಎಂದೇ ನಂಬಿದ್ದರು.

ನಾನೂ ದೆವ್ವದ ಸಿನಿಮಾಗಳ ಭಕ್ತನೇ. ಜಗತ್ತೆಲ್ಲ ಹೊಗಳುವ ಒಂದು ಚಿತ್ರವನ್ನು ಅವರೆದುರು ನಾನೂ ಹೊಗಳಿದೆ. ಮಿಸ್ ಕನ್ನಡಕದ ಮೇಲಿಂದ ನೋಡಿದರು.

"ಅದು ಬೆಚ್ಚಿಬೀಳಿಸುತ್ತೆ ಅಷ್ಟೇ ಕಣಪ್ಪ. ಕುಕ್ಕರ್ ಕೂಗಿದ್ರೂ ಬೆಚ್ಚಿಬೀಳ್ತೀವಿ. ಹೆದರಿಸೋದು ಬೇರೆ."

ಊರೆಲ್ಲ ನೋಡಿದ ದೆವ್ವಕ್ಕೆ ಮರ್ಯಾದೆ ಇರುವುದಿಲ್ಲ ಎಂಬುದು ಅವರ ಸಿದ್ಧಾಂತ. ಯಾರೂ ಕೇಳಿರದ ಚಿತ್ರಗಳ ಹೆಸರನ್ನು ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದಿಟ್ಟುಕೊಂಡು, ವೈದ್ಯರು ನಾಡಿ ಹಿಡಿದು ಔಷಧಿ ಕೊಟ್ಟಂತೆ, ಆಳು ನೋಡಿ ಶಿಫಾರಸು ಮಾಡುತ್ತಿದ್ದರು. ಹೊಸದಾಗಿ ಬಾಡಿಗೆಗೆ ಬಂದವರಿಗೆ, ಗೋಡೆಯೊಳಗೆ ಯಾರೋ ಒಂದು ಎರಡು ಎಣಿಸುವ ಚಿತ್ರ. ಅತ್ತೆಯ ಮೇಲೆ ದೂರು ತಂದ ಸೊಸೆಗೆ, ಸತ್ತ ಅತ್ತೆ ದಿನಾ ಬೆಳಗ್ಗೆ ಹಾಲು ಕಾಯಿಸಿಟ್ಟು ಹೋಗುವ ಚಿತ್ರ. ನೋಡುವ ಮುಹೂರ್ತ ಮಾತ್ರ ಮಧ್ಯಾಹ್ನ ಮೂರು ಗಂಟೆ. "ಕತ್ಲಲ್ಲಿ ನೋಡಿದ್ರೆ ಅರ್ಧ ಕೆಲಸ ಕತ್ಲೇನೇ ಮಾಡ್ಬಿಡುತ್ತೆ. ಡೈರೆಕ್ಟರಿಗೆ ಯಾಕೆ ಸಂಬಳ?"

ಅವರ ಕಣ್ಣು ಮಂಜಾಗತೊಡಗಿದಾಗ ನನಗೊಂದು ಹುದ್ದೆ ಸಿಕ್ಕಿತು. ಟೀವಿಯಲ್ಲಿ ಚಿತ್ರ ಹೇಗೋ ಕಾಣಿಸುತ್ತಿತ್ತು, ಕೆಳಗೆ ಬರುವ ಇಂಗ್ಲಿಷ್ ಸಾಲು ಓದಲಾಗುತ್ತಿರಲಿಲ್ಲ. ಅದನ್ನು ಓದಿ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಕೆಮ್ಮಣ್ಣು ಬಳಿದು ವರ್ಷವಿಡೀ ಕಾಪಾಡಿದ ಹಲಸಿನ ಬೀಜ ಸುಟ್ಟು ತಟ್ಟೆಯಲ್ಲಿಡುತ್ತಿದ್ದರು. ನಾನು ಸಿಪ್ಪೆ ಸುಲಿಯುತ್ತ ದೆವ್ವಗಳ ಪರವಾಗಿ ಮಾತಾಡುತ್ತಿದ್ದೆ.

ಒಂದು ಚಿತ್ರದಲ್ಲಿ, ಸಮುದ್ರಕ್ಕೆ ಬಿದ್ದ ಮಗಳು ವರ್ಷದ ಮೇಲೆ ಮನೆಗೆ ಬರುತ್ತಾಳೆ. ಕೊನೆಯ ದೃಶ್ಯದಲ್ಲಿ ತಾಯಿ ಬಡಿಸುತ್ತಾಳೆ. ಆಗ ಹುಡುಗಿ, "ನಾನು ನಿನ್ನ ಮಗಳಲ್ಲ" ಅನ್ನುತ್ತಾಳೆ. ತಾಯಿ, "ಗೊತ್ತು, ಊಟ ಮಾಡು" ಅನ್ನುತ್ತಾಳೆ. ಪಕ್ಕದಲ್ಲಿ ಮಿಸ್ ಸೆರಗು ಬಿಗಿಹಿಡಿದು ಕೂತಿದ್ದರು. ನನಗೆ ಏನನ್ನಿಸಿತೋ... "ಅಮ್ಮ, ಹಸಿವಾಗ್ತಿದೆ." "ಬಾ ಕಂದ, ಊಟ ಮಾಡು." ಹೀಗೆ ಓದಿದೆ. ಮಿಸ್ ನಿಟ್ಟುಸಿರು ಬಿಟ್ಟರು. ಪರೋಪಕಾರದ ರುಚಿ ಹತ್ತಿದ ಮೇಲೆ ಮನುಷ್ಯ ನಿಲ್ಲುವುದಿಲ್ಲ. ಆಮೇಲೆ ಎಷ್ಟೋ ಭಾನುವಾರ ನಾನು ಸತ್ತವರನ್ನು ಬದುಕಿಸಿದೆ, ಪಿಶಾಚಿಗಳಿಂದ ಕ್ಷಮೆ ಕೇಳಿಸಿದೆ.

ಮಿಸ್ ಆ ಸಮುದ್ರದ ಚಿತ್ರವನ್ನು ಕೊತ್ತಗೆರೆಯಲ್ಲಿದ್ದ ತಮ್ಮ ಹಳೆಯ ವಿದ್ಯಾರ್ಥಿನಿಗೆ ಶಿಫಾರಸು ಮಾಡಿದರು. ಆಕೆ ನೋಡಿ ಫೋನ್ ಮಾಡಿದಳು. "ಎಲ್ಲೀ ಹಸಿವು ಮಿಸ್? ಆ ಹುಡ್ಗಿ ನಾನು ನಿನ್ ಮಗಳೇ ಅಲ್ಲ ಅಂತಾಳೆ!"

ಮುಂದಿನ ಭಾನುವಾರ ಟೀವಿ ಹಾಕಿರಲಿಲ್ಲ.

"ನಿಜವಾಗ್ಲೂ ಏನಂದ್ಲಪ್ಪ ಆ ಮಗು?"

ಹೇಳಿದೆ. ತಾಯಿಯ ಮಾತನ್ನೂ ಹೇಳಿದೆ. ಮಿಸ್ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಎಷ್ಟು ಚೆನ್ನಾಗಿತ್ತಲ್ಲೋ..." ಎಂದರು. "ಎಲ್ರೂ ನಂಗೆ ಸಕ್ಕರೆ ಬೆರೆಸೇ ಹೇಳ್ತಾರೆ. ದೆವ್ವನಾದ್ರೂ ನಿಜ ಹೇಳ್ಲಿ ಅಂತ ನೋಡ್ತಿದ್ದೆ. ಅದರ ಬಾಯಿಗೂ ಸಕ್ಕರೆ ಹಾಕ್ಬಿಟ್ಯಲ್ಲ. ಸರಿ, ಡಾಕ್ಟ್ರು ನಿನ್ನೊಬ್ಬನನ್ನೇ ಹೊರಗೆ ಕರೆದು ಏನಂದ್ರು?"

ಆ ತಿಂಗಳೇ ಅವರನ್ನು ಸ್ಕೂಟರಿನಲ್ಲಿ ಕಣ್ಣಾಸ್ಪತ್ರೆಗೆ ಕರೆದೊಯ್ದಿದ್ದೆ. ಡಾಕ್ಟರು ನನ್ನನ್ನೇ ಮಗನೆಂದುಕೊಂಡು, ಹೆಚ್ಚೆಂದರೆ ಆರು ತಿಂಗಳು, ಆಮೇಲೆ ನೆರಳೂ ಕಾಣಿಸಲಿಕ್ಕಿಲ್ಲ, ಸಮಯ ನೋಡಿ ಹೇಳಿ ಎಂದಿದ್ದರು. ಸಮಯ ನೋಡುವುದರಲ್ಲಿ ನಾನು ಪ್ರವೀಣ.

"ಹನಿ ಬಿಡ್ತಾ ಇದ್ರೆ ಇಷ್ಟರಲ್ಲೇ ನಿಂತ್ಕೊಳ್ಳುತ್ತಂತೆ ಮಿಸ್. ಇನ್ನೂ ಹತ್ತು ವರ್ಷ ಏನೂ ಯೋಚನೆ ಇಲ್ಲ ಅಂದ್ರು."

ತಪ್ಪೊಪ್ಪಿಕೊಂಡ ಬಾಯಿ ಇನ್ನೂ ಒಣಗಿರಲಿಲ್ಲ...

ಮಿಸ್ ನಂಬಿದರು. ಮುಖ ಅರಳಿತು. ನೋಟ್‌ಬುಕ್ಕಿನ ಕೊನೆಯ ಹಾಳೆಯನ್ನು ಬೆರಳಿಂದ ತಡವಿ, "ಹಾಗಾದ್ರೆ ಈ ಚಿತ್ರ ಯುಗಾದಿಗೆ ಇರ್ಲಿ. ಇಪ್ಪತ್ತು ವರ್ಷ ಹುಡುಕಿ ಸಿಕ್ಕಿದ್ದು ಕಣಪ್ಪ. ಒಂದು ಮಾತೂ ಇಲ್ಲ, ಬರೀ ಗೋಡೆ, ನೆರಳು. ನೀನು ಕೆಡಿಸೋಕೆ ಏನೂ ಇಲ್ಲ!" ಎಂದು ನಕ್ಕರು. ಯುಗಾದಿಗೆ ಇನ್ನೂ ಒಂಬತ್ತು ತಿಂಗಳಿತ್ತು. "ಇವತ್ತೇ ನೋಡೋಣ ಮಿಸ್" ಎಂಬ ಮೂರು ಪದ ಸಾಕಾಗಿತ್ತು. ನಾನು ಬೀಜ ಸುಲಿಯುತ್ತ ಕೂತೆ.

ಉಳಿದಿದ್ದ ಬೆಳಕನ್ನೆಲ್ಲ ಮಿಸ್ ಎರಡನೇ ದರ್ಜೆಯ ದೆವ್ವಗಳ ಮೇಲೆ ಕಳೆದರು. ನಾನು ಒಂದಕ್ಷರ ಬಿಡದೆ ಪ್ರಾಮಾಣಿಕವಾಗಿ ಓದಿದೆ. ದೀಪಾವಳಿಯ ಹೊತ್ತಿಗೆ ಅವರು ಗೋಡೆ ಹಿಡಿದು ನಡೆಯುತ್ತಿದ್ದರು. ಸಂಕ್ರಾಂತಿಗೆ ಕಿಟಕಿ ಯಾವ ಕಡೆ ಎಂದೂ ತಿಳಿಯುತ್ತಿರಲಿಲ್ಲ.

ಯುಗಾದಿಯ ಮಧ್ಯಾಹ್ನ ಕರೆ ಕಳಿಸಿದರು. "ಹಾಕಪ್ಪ. ಇದ್ದದ್ದು ಇದ್ದ ಹಾಗೆ ಹೇಳು."

"ಒಂದು ಗೋಡೆ ಇದೆ ಮಿಸ್. ಅದರ ಮೇಲೊಂದು ನೆರಳು."

"ಯಾರದ್ದು?"

"ಯಾರೂ ಕಾಣಿಸ್ತಿಲ್ಲ."

"ಅಂಚು ಚೂಪಾಗಿದ್ಯೋ, ಮಸುಕೋ? ಗೋಡೆ ಸುಣ್ಣದ್ದೋ, ಮಣ್ಣಿಂದೋ? ಅಲುಗಾಡ್ತಿದ್ಯಾ?"

"ಅಲುಗಾಡ್ತಿದೆ ಅನ್ಸುತ್ತೆ... ಇಲ್ಲ, ಬೆಳಕು ಅಲುಗಾಡ್ತಿರ್ಬೇಕು..."

ಹೆದರಿಕೆ ನನ್ನ ಕಣ್ಣಿಗೆ ಬರುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಅರ್ಧ ಗಂಟೆ ಅವರು ಕೇಳಿದರು, ನಾನು ತಡವರಿಸಿದೆ.

"ಆರಿಸ್ಬಿಡಪ್ಪ," ಎಂದರು. ಆರಿಸಿದ ಮೇಲೆ, ಟೀವಿ ಇದ್ದ ಕಡೆಗೇ ಮುಖ ಮಾಡಿ, ಬೈಗುಳದ ಸುಳಿವೇ ಇಲ್ಲದ ದನಿಯಲ್ಲಿ ಕೇಳಿದರು: "ಹತ್ತು ವರ್ಷ ಅಂದಿದ್ಯಲ್ಲ?"

ನಾನು ಬಿದ್ದ ಸಿಪ್ಪೆಗಳನ್ನು ತಟ್ಟೆಗೆ ಗುಡಿಸಿಕೊಂಡೆ. ಅವರು ಮತ್ತೆ ಕೇಳಲಿಲ್ಲ. ಆ ಬೇಸಿಗೆಯಲ್ಲೇ ಕುಣಿಗಲ್ಲಿನ ತಮ್ಮನ ಮನೆಗೆ ಹೋದರು. ಮುಂದಿನ ವರ್ಷ ತೀರಿಕೊಂಡ ಸುದ್ದಿ ನನಗೆ ತಲುಪುವ ಹೊತ್ತಿಗೆ ಮೂರು ದಿನ ಕಳೆದಿತ್ತು.

ಈಗ ಆಫೀಸಿನ ಹೊಸ ಹುಡುಗರು ನನ್ನನ್ನು ದೆವ್ವದ ತಜ್ಞನೆಂದು ಭಾವಿಸಿದ್ದಾರೆ. "ಯಾರೂ ನೋಡಿರಬಾರ್ದು, ಅಂಥದ್ದು ಒಂದು ಹೇಳಿ ಸಾರ್" ಅನ್ನುತ್ತಾರೆ. ಆ ಮಾತಿಲ್ಲದ ಚಿತ್ರದ ಹೆಸರನ್ನು ಚೀಟಿಯಲ್ಲಿ ಬರೆದುಕೊಡುತ್ತೇನೆ. "ಕೊನೇಲಿ ಏನಾಗುತ್ತೆ ಸಾರ್?" ಎಂದು ಕೇಳಿದರೆ ಗೊತ್ತಿಲ್ಲ ಎನ್ನುತ್ತೇನೆ. ಸಸ್ಪೆನ್ಸ್ ಕಾಪಾಡುತ್ತಿದ್ದೇನೆ ಎಂದುಕೊಂಡು ನಗುತ್ತಾರೆ. ಆವತ್ತು ಆರಿಸಿದ ಮೇಲೆ ನಾನು ಅದನ್ನು ಮತ್ತೆ ಹಾಕಿಲ್ಲ.